ವಿಠ್ಠಲ ಮಾಸ್ತರರ ಖಾಲಿ ಸಿಡಿ

ನನ್ನ ಜಾಗಕ್ಕೆ ಬಂದ ರೇಣುಕಾ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನನ್ನು ಕೇಳಿದ್ದಳು: “ಸರ್, ಸಿಡಿ ಅನ್ನೋದು ಸತ್ತ ಹೋಗೈತ್ರಿ. ಈಗಿನ ಲ್ಯಾಪ್‌ಟಾಪಿಗೆ ಅದನ್ನ ಹಾಕಾಕ ಬಾಯಿನ ಇಲ್ಲ. ಲಿನಕ್ಸಿನ್ಯಾಗ ಆಡಿಯೋ ಸಿಡಿ ಯಾಕ ಕಾಣವಲ್ದು ಅಂತ ನಾ ಇನ್ನ ಕಲಿಯೂದು ಯಾಕ್ರಿ?”

ನನ್ನ ನಿವೃತ್ತಿಗೆ ಆಗ ಕೆಲವೇ ತಿಂಗಳು ಉಳಿದಿದ್ದವು. ಹೊಸಬರ ಮೇಲೆ ಸಿಟ್ಟು ಮಾಡಬಾರದೆಂದು ಸುಮ್ಮನಾದೆ. ಅವಳ ಪ್ರಶ್ನೆಗೆ ಉತ್ತರ ಆಮೇಲೆ ಖಾನಾಪುರದ ಬಸ್ಸಿನಲ್ಲಿ, ಒಂದು ಬಟ್ಟೆಯ ಚೀಲದಲ್ಲಿ ತಾನಾಗಿಯೇ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಓದಲಿ, ನನ್ನ ಜಂಬವನ್ನು ಸ್ವಲ್ಪ ಸಹಿಸಿಕೊಳ್ಳಲಿ.

ನಾನು ಈರಪ್ಪ. ಶಹಾಪುರದ ನೇಕಾರರ ಮನೆಯವನು. ಬೆಳಗಾವಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಅದೇ ಸಂಸ್ಥೆಯ ಹೈಸ್ಕೂಲು ಖಾನಾಪುರದಲ್ಲಿದ್ದುದರಿಂದ ಅಲ್ಲಿನ ಯಂತ್ರಗಳೂ ನನ್ನ ಪಾಲಿಗೇ ಬಂದಿದ್ದವು. ನನಗೆ ಬಡ್ತಿ ಯಾವಾಗ ಬಂತು, ಯಾರಿಂದ ತಡವಾಯಿತು ಎಂಬುದನ್ನೆಲ್ಲ ಬರೆದರೆ ನನ್ನ ಹೆಂಡತಿಯೂ ಓದುವುದಿಲ್ಲ. ಅದು ಇರಲಿ.

ಬಟ್ಟೆಯ ಚೀಲ ಹಿಡಿದು ಬಂದವರು ವಿಠ್ಠಲ ಮಾಸ್ತರರು ಮತ್ತು ಅವರ ಮನೆಯವರಾದ ಸುಮನಬಾಯಿ. ಮಾಸ್ತರರು ನಮ್ಮ ಖಾನಾಪುರದ ಹೈಸ್ಕೂಲಿನಲ್ಲಿ ಸಂಗೀತ ಕಲಿಸುತ್ತಿದ್ದರು. ಮರಾಠಿ ಅಭಂಗವನ್ನೂ ಕನ್ನಡದ ವಚನವನ್ನೂ ಒಂದೇ ಹದದಲ್ಲಿ ಹಾಡುತ್ತಿದ್ದ ಮನುಷ್ಯ. ಸ್ಟೇಷನ್ ಬೀದಿಯಲ್ಲಿ ಹೋಗುವವರು ಶಾಲೆಯ ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸಿಕೊಂಡು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅವರ ಗಂಟಲಲ್ಲಿ ಗಡ್ಡೆಯಾಯಿತು. ಸಣ್ಣ ಆಪರೇಷನ್ ಎಂದುಕೊಂಡು ಹೋದವರಿಗೆ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅಂದಿನಿಂದ ಅವರಿಗೆ ಮಾತಿಲ್ಲ. ಹೇಳಬೇಕಾದದ್ದನ್ನು ಕೈ ಸನ್ನೆಯಲ್ಲಿ, ತುಟಿಯ ಆಕಾರದಲ್ಲಿ ಹೇಳುತ್ತಾರೆ. ಸುಮನಬಾಯಿ ಅದನ್ನು ನಮಗೆ ಮಾತು ಮಾಡಿ ಕೊಡುತ್ತಾರೆ.

“ದವಾಖಾನಿಗೆ ಹೋಗೂ ಹಿಂದಿನ ದಿನ ಇಮಾಮಸಾಬನ ಅಂಗಡ್ಯಾಗ ಕುಂತು ಹಾಡಿದ್ರು ಈರಪ್ಪಣ್ಣ. ಅವ ಅದನ್ನ ಸಿಡಿ ಮಾಡಿ ಮನಿಗೆ ತಂದ ಕೊಟ್ಟ. ಆವಾಗ ಇವರಿಗೆ ಅದನ್ನ ಕೇಳೂ ಧೈರ್ಯನ ಆಗ್ಲಿಲ್ಲ. ದೇವರ ಕೋಲ್ಯಾಗ ಇಟ್ಟ ಬಿಟ್ವಿ,” ಎಂದರು ಸುಮನಬಾಯಿ. “ಈಗ ಮೊಮ್ಮಗಳು ಕೇಳಾಕತ್ತಾಳ, ಅಜ್ಜಾನ ಆವಾಜ್ ಹ್ಯಾಂಗಿತ್ತು ಅಂತ. ಅಕಿ ಹುಟ್ಟಿದ್ದು ಆಪರೇಷನ್ ಆದ ಮ್ಯಾಲ. ಕೇಳಸೂಣು ಅಂತ ತಗದ್ರ, ಎಲ್ಲ್ಯೂ ಹಾಡವಲ್ದು. ಖಾನಾಪುರದಾಗ ಖಾಲಿ ಐತಿ ಅಂದ್ರು. ಇಲ್ಲಿ ಬೆಳಗಾವ್ಯಾಗ ಒಬ್ಬ ಅಂಗಡ್ಯಾಂವ ಏನಂದ ಗೊತ್ತೈತೇನ್ರಿ? ಖಾಲಿ ಐತಿ ಬಾಯಿ, ಇದರಾಗ ಸಿನಿಮಾ ಹಾಡ ತುಂಬಿ ಕೊಡ್ಲೇನು ಅಂದ!”

ನೇರವಾಗಿ ಸಿಡಿಯ ಮೇಲೆ ಧ್ವನಿ ಮುದ್ರಿಸುವ ಡೆಕ್ಕು ಎಂಬ ಯಂತ್ರ ಇಟ್ಟುಕೊಂಡಿದ್ದ ಸ್ಪೀಕರ್ ಅಂಗಡಿಯ ಇಮಾಮಸಾಬ ತೀರಿಕೊಂಡಿದ್ದ. ಅವನ ಸಾಮಾನೆಲ್ಲ ಗುಜರಿಗೆ ಹೋಗಿತ್ತು. ಬೇರೆ ಪ್ರತಿ ಇಲ್ಲ. ಮಾಸ್ತರರ ಧ್ವನಿ ಈ ಭೂಮಿಯ ಮೇಲೆ ಎಲ್ಲಿಯಾದರೂ ಉಳಿದಿದ್ದರೆ ಅದು ಆ ಒಂದು ಸಿಡಿಯಲ್ಲಿ ಮಾತ್ರ. ಮಾಸ್ತರರು ಅದನ್ನು ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ಅದನ್ನು ಹೇಗೆ ಮಾತಾಡಿಸಿದೆ ಎಂದು ಹೇಳುವ ಮೊದಲು ನನ್ನ ಗುರುವಿನ ಬಗ್ಗೆ ಹೇಳಲೇಬೇಕು. ಅವರು ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಇನಾಮದಾರ ಸರ್. ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಸಿದವರು ಅವರೇ. ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಕಲಿಸುವಾಗ ಮಾತ್ರ ತಾಯಿಯಂಥ ತಾಳ್ಮೆ. ಒಮ್ಮೆ ಇಂಗ್ಲಿಷ್ ಕಲಿಸಲೆಂದು ಕೇಳುವ ಪಾಠಗಳ ಸಿಡಿಗಳು ಕಾಲೇಜಿಗೆ ಬಂದವು. ಹಾಕಿದರೆ ಪರದೆಯ ಮೇಲೆ ಏನೂ ಕಾಣದು. ನಾವು ಮೂರು ಮಂದಿ ಸೇರಿ ಡ್ರೈವ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಕೊನೆಗೆ ಸಿಡಿಯನ್ನೇ ಬೈದೆವು. ಒಬ್ಬ ಅಂತೂ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಅದನ್ನು ‘ಮೌಂಟ್’ ಮಾಡುವ ಆಜ್ಞೆಯನ್ನು ಮತ್ತೆ ಮತ್ತೆ ಹೊಡೆಯುತ್ತ ಕುಳಿತಿದ್ದ. ಮೌಂಟ್ ಮಾಡುವುದೆಂದರೆ ಸಿಡಿಯಲ್ಲಿರುವ ಫೈಲುಗಳನ್ನು ಒಂದು ಫೋಲ್ಡರಿನಂತೆ ತೆರೆದಿಡುವುದು.

ಇನಾಮದಾರ ಸರ್ ಬಂದು ನೋಡಿ ನಗತೊಡಗಿದರು. “ಲೇ ಈರಪ್ಪ, ಆಡಿಯೋ ಸಿಡಿಯೊಳಗ ಫೈಲ್ ಎಲ್ಲಿರ್ತಾವೋ? ಅದರಾಗ ಇರೂದು ಬರೇ ಧ್ವನಿ. ಒಂದ ಉದ್ದನ್ನ ಎಳಿ, ಒಳಗಿನ ಸುತ್ತಿನಿಂದ ಹೊರಗಿನ ತನಕಾ. ಯಾವ ಹಾಡು ಎಲ್ಲಿಂದ ಸುರು ಅಂತ ನಟ್ಟನಡುವಿನ ಸುತ್ತಿನ್ಯಾಗ ಒಂದು ಪರಿವಿಡಿ. ಅಷ್ಟ. ಅದನ್ನ ಓದಬೇಕು, ಹಾಡಿಸಬೇಕು. ಮೌಂಟ್ ಮಾಡಾಕ ಅದೇನು ಕುದುರಿ ಏನು?”

ಆಮೇಲೆ ದೋಷ ಬೇರೆಡೆ ಸಿಕ್ಕಿತು. ಯಂತ್ರಗಳನ್ನು ಕೂಡಿಸಿ ಕೊಟ್ಟವರು, ಸಿಡಿ ಡ್ರೈವನ್ನು ಯಾವಾಗಲೂ ಫೈಲ್ ಡಿಸ್ಕಿನಂತೆಯೇ ತೆರೆಯಬೇಕೆಂದು ಸೆಟ್ಟಿಂಗಿನ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟಿದ್ದರು. ಹಾಗಾಗಿ ಡೆಸ್ಕ್‌ಟಾಪ್ ಆ ಡ್ರೈವಿನ ತಂಟೆಗೇ ಹೋಗುತ್ತಿರಲಿಲ್ಲ. ಆ ಸಾಲಿನ ಮುಂದೆ ಒಂದು ಚಿಹ್ನೆ ಹಾಕಿ ಅದನ್ನು ನಿಷ್ಕ್ರಿಯಗೊಳಿಸಿದೆವು. ಸಿಡಿ ಹಾಕಿದ ಕೂಡಲೇ ಪಾಠಗಳ ಪಟ್ಟಿ ಪರದೆಯ ಮೇಲೆ ಬಂತು. ನಾನು ಕುಣಿದಾಡುವುದೊಂದೇ ಬಾಕಿ. ಸರ್ ಮಾತ್ರ ಕೈ ಎತ್ತಿ ತಡೆದರು: “ಪರದೆ ಮ್ಯಾಲ ಕಂಡ್ರ ಅರ್ಧಾ ಕೆಲಸ. ಕಿವಿಗೆ ಬಿದ್ರ ಪೂರಾ. ಹಚ್ಚು, ಕೇಳಸು.” ಆ ಮಾತನ್ನು ನಾನು ಕೆಲಸ ಬಿಡುವ ತನಕ ಮರೆಯಲಿಲ್ಲ.

ಇನ್ನು ನಮ್ಮ ಭಾಗದ ಒಂದು ವಿಶೇಷ ಕಾಯಿಲೆ. ಇದು ಯಾವ ಕಂಪನಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಖಂಡೇನವಮಿಯ ದಿನ ನಮ್ಮಲ್ಲಿ ಕುಡುಗೋಲಿನಿಂದ ಬಸ್ಸಿನ ತನಕ ಎಲ್ಲದಕ್ಕೂ ಪೂಜೆ. ಕಂಪ್ಯೂಟರಿಗೆ ಇಲ್ಲವೆಂದರೆ ಆದೀತೇ? ಹಬ್ಬ ಮುಗಿದ ಮರುದಿನದಿಂದ ನನಗೆ ಪುರುಸೊತ್ತು ಇರುತ್ತಿರಲಿಲ್ಲ. ಕೀಬೋರ್ಡಿನಲ್ಲಿ ಅಕ್ಷತೆ, ಫ್ಯಾನಿನಲ್ಲಿ ಚೆಂಡುಹೂವಿನ ಎಸಳು. ಒಂದು ವರ್ಷ ಖಾನಾಪುರದ ಶಾಲೆಯಲ್ಲಿ ಸಿಡಿ ಡ್ರೈವಿನ ತಟ್ಟೆಯನ್ನು ಹೊರಗೆ ತೆಗೆದು, ಅದರ ಮೇಲೆ ಅರಿಶಿನ ಕುಂಕುಮ ಏರಿಸಿ, ನೈವೇದ್ಯ ಕೊಟ್ಟಷ್ಟು ಭಕ್ತಿಯಿಂದ ಒಳಗೆ ತಳ್ಳಿದ್ದರು. ಆಮೇಲೆ ಒಂದು ಸಿಡಿಯೂ ಓಡಲಿಲ್ಲ.

ಹೆಡ್‌ಮಾಸ್ತರರು ನನ್ನನ್ನೇ ಗದರಿಸಿದರು. “ಪೂಜಿ ಮಾಡೂದು ತಪ್ಪೇನ್ರಿ ಈರಪ್ಪ?”

“ತಪ್ಪಲ್ರಿ ಸರ್. ಹೊರಗ ಮಾಡ್ರಿ. ಒಳಗ ಸಿಡಿ ಓದೂ ಕಣ್ಣೈತ್ರಿ. ಕಣ್ಣಾಗ ಕುಂಕುಮ ಹಾಕಿದ್ರ ಯಾವ ದೇವರರ ಹ್ಯಾಂಗ ನೋಡ್ಬೇಕು ಹೇಳ್ರಿ?”

ಅವರು ನಕ್ಕುಬಿಟ್ಟರು. ಮರುವರ್ಷದಿಂದ ಕುಂಕುಮ ಕಂಪ್ಯೂಟರಿನ ಪೆಟ್ಟಿಗೆಯ ನೆತ್ತಿಗೆ ಮಾತ್ರ ಬೀಳತೊಡಗಿತು.

ಈಗ ಮಾಸ್ತರರ ಸಿಡಿಗೆ ಬರೋಣ. ಲ್ಯಾಬಿನ ಕಿಟಕಿಯ ಬಳಿ ಅದನ್ನು ತಿರುಗಿಸಿ ನೋಡಿದ ಕೂಡಲೇ ನನಗೆ ಖಂಡೇನವಮಿಯ ಗುರುತು ಸಿಕ್ಕಿತು. ಹೊಳೆಯುವ ಬದಿಯ ಮೇಲೆ ಹಳದಿ ಪೊರೆ, ನಡುವೆ ಕೆಂಪು ಚುಕ್ಕೆಗಳು.

“ವೈನಿ, ಇದಕ್ಕ ಪೂಜಿ ಮಾಡಿದ್ರೇನ್ರಿ?” ಎಂದು ಸುಮನಬಾಯಿಯನ್ನು ಕೇಳಿದೆ.

“ಮಾಡ್ಲಾರ್ದ ಬಿಡೂದುಂಟೇನ್ರಿ? ಪೇಟಿ, ತಬಲಾ, ತಂಬೂರಿ ಎಲ್ಲಾ ಇಡ್ತೀವಿ. ಇವರ ಆವಾಜ್ ಇದ್ದದ್ದು ಇದರಾಗ. ವರ್ಷಾ ವರ್ಷಾ ಹಳದಿ ಕುಂಕು ಹಚ್ಚೇನಿ. ಹೊಳಿಯೂ ಬಾಜು ಮುಖ ಅಲ್ಲೇನು?”

ಗಂಡನ ಧ್ವನಿಗೆ ಕುಂಕುಮ ಹಚ್ಚಿದ ಹೆಂಗಸನ್ನು ನಾನು ಏನೆಂದು ಗದರಿಸಲಿ? ರೇಣುಕಾಳನ್ನು ಕರೆದು ನಲ್ಲಿಯ ಕೆಳಗೆ ಸಿಡಿ ತೊಳೆಯುವುದನ್ನು ತೋರಿಸಿದೆ. ಒಂದು ಹನಿ ಸೋಪು, ಹಳೆಯ ಹತ್ತಿಯ ಅರಿವೆ. ಗುಂಡಗೆ ಒರೆಸಬಾರದು. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಗುಂಡಗೆ ಒರೆಸಿದಾಗ ಬೀಳುವ ಗೀರು ಹಾಡಿನ ಎಳೆಯ ಉದ್ದಕ್ಕೂ ಹೋಗುತ್ತದೆ. ಅಡ್ಡ ಬಿದ್ದ ಗೀರನ್ನು ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ.

ಒಣಗಿಸಿ ಡ್ರೈವಿಗೆ ಹಾಕಿದೆವು. ಪರದೆಯ ಮೇಲೆ ಪೆಟ್ಟಿಗೆಯೊಂದು ತೆರೆದು, ಇದು ಖಾಲಿ ಸಿಡಿ, ಏನು ಬರೆಯಬೇಕು ಎಂದು ಕೇಳಿತು. ಸುಮನಬಾಯಿಗೆ ಓದಲು ಬರದಿದ್ದರೂ ರೇಣುಕಾಳ ಮುಖ ನೋಡಿಯೇ ತಿಳಿಯಿತು. ಮಾಸ್ತರರು ಕುರ್ಚಿಯಿಂದ ಎದ್ದು, ಮನೆಗೆ ಹೋಗೋಣ ಎಂಬಂತೆ ಚೀಲವನ್ನು ಮಡಚತೊಡಗಿದರು.

“ಕುಂದರ್ರಿ ಮಾಸ್ತರ,” ಎಂದೆ. “ಇನ್ನ ನಾ ಸೋತಿಲ್ಲ.”

ನಾನು ಹುಟ್ಟಿದ ಮನೆಯಲ್ಲಿ ಹಗಲೆಲ್ಲ ಮಗ್ಗದ ಸಪ್ಪಳ. ನನ್ನಪ್ಪ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದಾಗಲೂ ಸಪ್ಪಳದ ಮೇಲೆಯೇ ಎಳೆ ಹರಿದದ್ದನ್ನು ಹೇಳುತ್ತಿದ್ದ. ಆ ಕಿವಿ ನನಗೂ ಬಂದಿದೆ ಎಂದು ನನ್ನ ನಂಬಿಕೆ. ಡ್ರೈವಿಗೆ ಕಿವಿ ಹಚ್ಚಿದೆ. ನಿಜವಾಗಿಯೂ ಖಾಲಿ ಇರುವ ಸಿಡಿಯಾದರೆ ಅದು ಒಮ್ಮೆ ತಿರುಗಿ, ನೋಡಿ, ಬೇಗ ಸುಮ್ಮನಾಗುತ್ತದೆ. ಇದು ಹಾಗಲ್ಲ. ತಿರುಗಿತು, ಟಕ್ ಟಕ್ ಎಂದು ಒಳಗೆ ಹುಡುಕಿತು, ಮತ್ತೆ ತಿರುಗಿತು. ಸಿಡಿ ಹೊರಗೆ ತೆಗೆದು ಬಿಸಿಲಿಗೆ ಓರೆ ಹಿಡಿದೆ.

“ರೇಣುಕಾ, ಇಲ್ಲಿ ಬಾರವಾ. ಬಣ್ಣ ನೋಡು.”

ಅವಳು ಬಾಗಿ ನೋಡಿದಳು. “ಒಳಗಿನ ಸುತ್ತು ಒಂದೀಟು ಕಪ್ಪು ಐತ್ರಿ ಸರ್. ಹೊರಗಿಂದು ತಿಳಿ ಐತಿ.”

“ಖಾಲಿ ಸಿಡಿಗೆ ಎರಡು ಬಣ್ಣ ಎಲ್ಲಿಂದ ಬಂತು?”

ಅವಳ ಕಣ್ಣು ಅರಳಿದ್ದನ್ನು ನಾನು ಮರೆಯುವುದಿಲ್ಲ. ಬರೆದ ಭಾಗ ಕಪ್ಪಾಗಿರುತ್ತದೆ. ಹಾಡು ಒಳಗಿದೆ. ಆದರೆ ಇಮಾಮಸಾಬ ಸಿಡಿಯನ್ನು ‘ಮುಚ್ಚಿಲ್ಲ’. ಹಾಡು ತುಂಬಿದ ಮೇಲೆ ಕೊನೆಗೆ ನಡುವಿನ ಸುತ್ತಿನಲ್ಲಿ ಪರಿವಿಡಿ ಬರೆಸಬೇಕು. ಅದಕ್ಕೆ ಸಿಡಿ ಮುಚ್ಚುವುದು ಎನ್ನುತ್ತೇವೆ. ಅದನ್ನು ಬರೆಸುವ ತನಕ ಮುದ್ರಿಸಿದ ಡೆಕ್ಕಿಗೆ ಮಾತ್ರ ಹಾಡಿನ ಗುರುತು ಸಿಗುತ್ತದೆ. ಉಳಿದ ಯಂತ್ರಗಳು ಪರಿವಿಡಿ ಇಲ್ಲದ್ದನ್ನು ನೋಡಿ ಖಾಲಿ ಎಂದುಬಿಡುತ್ತವೆ. ಟರ್ಮಿನಲ್‌ನಲ್ಲಿ ಸಿಡಿಯ ಸ್ಥಿತಿಯನ್ನು ಕೇಳಿದಾಗ ಉತ್ತರ ಬಂತು: ಅಪೂರ್ಣ, ಇನ್ನೂ ಸೇರಿಸಬಹುದು.

ಮುಚ್ಚದೆಯೇ ಹಾಡನ್ನು ಹೊರಗೆ ತೆಗೆಯಲು ನೋಡಿದೆ. ಸ್ಟೋರ್ ರೂಮಿನ ಹಳೆಯ ಡ್ರೈವುಗಳನ್ನೆಲ್ಲ ಹಚ್ಚಿ ನೋಡಿದೆ. ಯಾವುದೂ ಬಗ್ಗಲಿಲ್ಲ. ಉಳಿದದ್ದು ಒಂದೇ ದಾರಿ: ನಾವೇ ಪರಿವಿಡಿ ಬರೆದು ಮುಚ್ಚುವುದು. ಆದರೆ ಅದು ಬರೆಯುವ ಕೆಲಸ. ನಡುವೆ ಕರೆಂಟ್ ಹೋದರೆ, ಡ್ರೈವ್ ಕೈಕೊಟ್ಟರೆ, ಎರಡನೆಯ ಅವಕಾಶ ಇರಲಿಕ್ಕಿಲ್ಲ. ಇದನ್ನು ಮುಚ್ಚಿಡದೆ ಹೇಳಿದೆ.

“ವೈನಿ, ನೀವು ಹೂಂ ಅಂದ್ರಷ್ಟ ಮಾಡ್ತೇನಿ. ಕೆಟ್ರ ಪೂರಾ ಕೆಟ್ಟ ಹೋಗ್ತೈತಿ. ಖರೇ ಹೇಳಾಕತ್ತೇನಿ.”

ಸುಮನಬಾಯಿ ಗಂಡನ ಕಡೆ ನೋಡಿದರು. “ಅಹೋ, ಏನ್ ಮಾಡೂಣು? ಹಂಗ ಇದ್ರ ದೇವರ ಕೋಲ್ಯಾಗರ ಇರ್ತೈತಿ.”

ಮಾಸ್ತರರು ಸಿಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ತುಟಿ ಅಲ್ಲಾಡಿಸಿದರು. ಸುಮನಬಾಯಿ ಕಣ್ಣೊರೆಸಿಕೊಂಡು ನನಗೆ ಹೇಳಿದರು: “ಹಾಡ್ಲಾರದ ಇದ್ರ ಅದು ನನ್ನ ಆವಾಜ್ ಹ್ಯಾಂಗ ಆದೀತು, ಮಾಡ್ರಿ, ಅಂತಾರ.”

ನಾನು ಅವರನ್ನು ಮರುದಿನ ಬರಹೇಳಿದೆ. ಕೈಗೆ ಬಂದ ಕೂಡಲೇ ಮಾಡಿಬಿಡುವ ಕೆಲಸವಲ್ಲ ಅದು. ಹೊಸಬರು ಇದನ್ನು ಗಮನಿಸಬೇಕು: ಬೇರೆಯವರ ಒಂದೇ ಒಂದು ವಸ್ತುವಿನ ಮೇಲೆ ಕೈ ಇಡುವ ಮೊದಲು ನಮ್ಮದೇ ವಸ್ತುವಿನ ಮೇಲೆ ತಾಲೀಮು ಮಾಡಿಕೊಳ್ಳಬೇಕು. ನಾನೂ ರೇಣುಕಾಳೂ ಹೊಸ ಸಿಡಿಗಳಲ್ಲಿ ನಮ್ಮ ಧ್ವನಿಯನ್ನೇ ತುಂಬಿ, ಬೇಕೆಂದೇ ಮುಚ್ಚದೆ ಬಿಟ್ಟೆವು. ಆಮೇಲೆ ಬೇರೆ ಡ್ರೈವಿಗೆ ಹಾಕಿ ಮುಚ್ಚಿದೆವು. ಅವಳು ಮಗ್ಗಿ ಹೇಳಿದಳು, ನಾನು ಶಹಾಪುರದಿಂದ ಹಿಂಡಲಗಾದ ತನಕ ಬಸ್ ನಿಲ್ದಾಣಗಳ ಹೆಸರು ಹೇಳಿದೆ. ಒಂದು ಡ್ರೈವ್ ನನ್ನ ನಿಲ್ದಾಣಗಳನ್ನು ನುಂಗಿಹಾಕಿತು. ಅದನ್ನು ಪಕ್ಕಕ್ಕೆ ಇಟ್ಟೆವು. ಇನ್ನೊಂದು ಪ್ರತಿ ಸಲವೂ ತಪ್ಪದೆ ಮುಚ್ಚಿತು. ಅದನ್ನೇ ಆರಿಸಿದೆವು. ಯುಪಿಎಸ್ ಬ್ಯಾಟರಿಯನ್ನೂ ನೋಡಿಟ್ಟೆ.

ಮರುದಿನ ಬೆಳಗಿನ ಬಸ್ಸಿಗೇ ಅವರು ಬಂದರು. ಸುಮನಬಾಯಿ ನೆನಪಿನಿಂದ ಕುಂಕುಮದ ಭರಣಿ ತಂದಿದ್ದರು. ನಾನು ಕೈಮುಗಿದು, “ಪೆಟ್ಟಿಗಿ ನೆತ್ತಿಗೆ ಹಚ್ಚ್ರಿ ವೈನಿ, ಒಳಗ ಬ್ಯಾಡ್ರಿ,” ಎಂದೆ. ಹಚ್ಚಿದರು. ಸಿಡಿ ಒಳಗೆ ಹೋಯಿತು. ಮುಚ್ಚುವ ಆಜ್ಞೆ ಟೈಪ್ ಮಾಡಿ ನಾನು ಎಂಟರ್ ಒತ್ತಿದೆ.

ಡ್ರೈವ್ ಒಂದೇ ಹದದಲ್ಲಿ ತಿರುಗತೊಡಗಿತು. ಮಾಸ್ತರರ ಬೆರಳು ಮೇಜಿನ ಅಂಚಿನ ಮೇಲೆ ತಾಳ ಹಾಕುತ್ತಿತ್ತು. ನನ್ನ ಕಿವಿ ಡ್ರೈವಿನ ಮೇಲೆಯೇ ಇತ್ತು. ಸಪ್ಪಳ ಇಳಿಯಿತು, ನಿಂತಿತು. ತಟ್ಟೆಯನ್ನು ಹೊರಗೆ ತೆಗೆದು ಮತ್ತೆ ಒಳಗೆ ಕಳಿಸಿದೆ. ಪರದೆಯ ಮೇಲೆ ‘ಆಡಿಯೋ ಸಿಡಿ’ ಎಂಬ ಚಿತ್ರ ಮೂಡಿತು. ತೆರೆದರೆ ಒಂದರ ಕೆಳಗೊಂದು ಹಾಡುಗಳ ಸಾಲು.

“ಬಂತ್ರೀ!” ಎಂದು ರೇಣುಕಾ ಚಪ್ಪಾಳೆ ತಟ್ಟಿದಳು. ನನಗೆ ಇನಾಮದಾರ ಸರ್ ಕೈ ಎತ್ತಿದ್ದು ಕಣ್ಣ ಮುಂದೆ ಬಂತು. ಮೊದಲ ಹಾಡಿನ ಮೇಲೆ ಒತ್ತಿದೆ. ಸಮಯದ ಅಂಕಿ ಓಡುತ್ತಿತ್ತು. ಧ್ವನಿ ಇಲ್ಲ. ಸುಮನಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪೂರ್ಣ ಎಂದ ಸಿಡಿಯಲ್ಲಿ ಬರೀ ಮೌನ ತುಂಬಿತ್ತೇ ಎಂದೂ ಒಂದು ಗಳಿಗೆ ಅನ್ನಿಸಿತು.

ರೇಣುಕಾ ಮೌಸ್ ಕಸಿದುಕೊಂಡಳು. “ಸರ್, ಆವಾಜ್ ಮಾನಿಟರಿನ ಕಡೆ ಹೊಂಟೈತ್ರಿ. ಈ ಮಾನಿಟರಿಗೆ ಸ್ಪೀಕರ್ ಎಲ್ಲೈತಿ?” ಎಂದವಳೇ ಸೆಟ್ಟಿಂಗ್ ತೆರೆದು ಧ್ವನಿಯ ದಾರಿಯನ್ನು ಹೊರಗಿನ ಸ್ಪೀಕರಿಗೆ ತಿರುಗಿಸಿದಳು.

ಲ್ಯಾಬು ತುಂಬ ತಂಬೂರಿ. ಅದರ ಮೇಲೆ ವಿಠ್ಠಲ ಮಾಸ್ತರರ ಧ್ವನಿ.

ನಾನು ಏನು ಬರೆಯಲಿ? ಹೆಮ್ಮೆ ಎಂದರೆ ಹೆಮ್ಮೆಯೇ. ಇಷ್ಟು ವರ್ಷ ಪ್ರಿಂಟರಿನಲ್ಲಿ ಸಿಕ್ಕಿದ ಕಾಗದ ಎಳೆದದ್ದು, ಬಿಸಿಲಲ್ಲಿ ಕೇಬಲ್ ಎಳೆದದ್ದು, ಬೈಸಿಕೊಂಡದ್ದು ಎಲ್ಲ ಅಂದಿಗೆ ಸಾರ್ಥಕವಾಯಿತು. ಸುಮನಬಾಯಿ ಅಳುತ್ತಿದ್ದರು. ಅಳುತ್ತಲೇ ತುಟಿಯಲ್ಲಿ ಹಾಡಿನ ಪ್ರತಿ ಸಾಲನ್ನೂ ಗಂಡನಿಗಿಂತ ಒಂದು ಕ್ಷಣ ಮೊದಲೇ ಹೇಳುತ್ತಿದ್ದರು. ಮಾಸ್ತರರು ಅಳಲಿಲ್ಲ. ತಾಳ ಹಾಕುತ್ತ ಕೇಳಿದರು. ಒಂದು ಕಡೆ ಮಾತ್ರ ಹುಬ್ಬು ಗಂಟಿಕ್ಕಿ ಕೈ ಕೊಡವಿದರು.

“ಇಲ್ಲಿ ನಿಷಾದ ಸ್ವರ ಇಳದೈತಿ ಅಂತಾರ,” ಎಂದು ಸುಮನಬಾಯಿ ಅಳುವಿನ ನಡುವೆಯೇ ನಕ್ಕರು. “ಈಗರ ಸುಮ್ಮ ಕೇಳ್ರಿ!”

ಕೊನೆಯ ಹಾಡು ಮುಗಿಯಿತು. ನಾನು ನಿಲ್ಲಿಸಲು ಕೈ ಚಾಚಿದಾಗ ಸ್ಪೀಕರಿನಿಂದ ಮತ್ತೆ ಮಾಸ್ತರರ ಧ್ವನಿ ಬಂತು. ಈ ಸಲ ಹಾಡಲ್ಲ, ಮಾತು.

“ಇವತ್ತಿಗೆ ಸಾಕೋ ಇಮಾಮಸಾಬ. ಜಾಗಾ ಉಳದೈತಲ್ಲ ಇದರಾಗ? ಹಂಗ ಇಡು, ಬಂದ್ ಮಾಡಬ್ಯಾಡ. ದವಾಖಾನಿಯಿಂದ ಬಂದ ಮ್ಯಾಲ ಉಳದದ್ದು ಹಾಡ್ತೇನಿ.”

ಟಕ್ಕೆಂದು ಮುಗಿಯಿತು.

ಇಮಾಮಸಾಬ ಮರೆತಿರಲಿಲ್ಲ, ಅವಸರವನ್ನೂ ಮಾಡಿರಲಿಲ್ಲ. ಗೆಳೆಯ ಬರುತ್ತಾನೆಂದು ಜಾಗ ಹಿಡಿದಿಟ್ಟಿದ್ದ. ಆಮೇಲೆ ಸುದ್ದಿ ತಿಳಿದ ಮೇಲೂ ಆ ಸಿಡಿಯನ್ನು ಮುಚ್ಚಲು ಅವನಿಗೆ ಮನಸ್ಸಾಗಿರಲಿಕ್ಕಿಲ್ಲ. ಅದನ್ನು ಮುಚ್ಚಿದವನು ನಾನು. ನನ್ನ ಹೆಮ್ಮೆಯೆಲ್ಲ ಇಳಿದುಹೋಯಿತು. ಮಾಸ್ತರರ ಮುಖ ನೋಡುವ ಧೈರ್ಯ ಆಗಲಿಲ್ಲ.

ನೋಡಿದಾಗ ಅವರು ನಗುತ್ತಿದ್ದರು. ಧ್ವನಿ ಇಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಎದ್ದು ಬಂದು ನನ್ನ ಮೇಜಿನ ಮೇಲಿನ ಡಬ್ಬಿಯಿಂದ ಒಂದು ಹೊಸ ಸಿಡಿ ತೆಗೆದರು. ಅದನ್ನು ನನಗೆ ಕೊಡಲಿಲ್ಲ. ಸುಮನಬಾಯಿಯ ಮಡಿಲಲ್ಲಿ ಇಟ್ಟರು.

“ನಾನಾ?” ಎಂದರು ಅವರು. “ಏನರೇ ಹೇಳ್ತೀರಿ. ನಾ ಕಣಕುಂಬಿ ಅಡವ್ಯಾಗ ಬೆಳದಾಕಿ. ಅಡಗಿ ಮನ್ಯಾಗ ಗುನುಗೂದು ಬಿಟ್ರ ನನಗೇನ ಬರ್ತೈತಿ?”

ಮಾಸ್ತರರು ಮೇಜಿನ ಮೇಲೆ ತಾಳ ಹಾಕತೊಡಗಿದರು. ಒಂದು ಸುತ್ತು ಮುಗಿಯಿತು. ಇನ್ನೊಂದು ಸುತ್ತೂ ಮುಗಿಯಿತು. ಅವರು ಬಿಡುವ ಮನುಷ್ಯರಲ್ಲ. ನಾನು ಹೇಳುವ ಮೊದಲೇ ರೇಣುಕಾ ಮೈಕು ತಂದು ಇಟ್ಟಳು. ಮೂರನೆಯ ಸುತ್ತಿಗೆ ಸುಮನಬಾಯಿ ಕಣ್ಣು ಮುಚ್ಚಿಕೊಂಡು ಹಾಡಲು ಸುರು ಮಾಡಿದರು. ಧ್ವನಿ ನಡುಗುತ್ತಿತ್ತು, ಆದರೆ ನಿಷಾದ ಇಳಿಯಲಿಲ್ಲ.

ಮೊದಲ ಸಿಡಿಯ ಪ್ರತಿಗಳನ್ನು ಅಂದೇ ಮಾಡಿ ಕೊಟ್ಟೆ. ಮೊಮ್ಮಗಳು ಅಜ್ಜನ ಹಾಡನ್ನು ಕೇಳಿ, ಈ ಅಜ್ಜ ಅಷ್ಟು ಜೋರಾಗಿ ಹಾಡುತ್ತಿದ್ದನೇ ಎಂದು ಕೇಳಿದಳಂತೆ. ನಾನು ಈಗ ನಿವೃತ್ತ. ಸಿಡಿ ಯಾಕೆ ಕಲಿಯಬೇಕೆಂದು ರೇಣುಕಾ ಮತ್ತೆ ಕೇಳಿಲ್ಲ. ಆ ಡ್ರೈವಿರುವ ಯಂತ್ರವನ್ನು ಗುಜರಿಗೆ ಹಾಕಲು ಯಾರಾದರೂ ಬಂದರೆ ಅವಳೇ ಅಡ್ಡ ನಿಲ್ಲುತ್ತಾಳೆ. ಮಾಸ್ತರರೂ ಸುಮನಬಾಯಿಯೂ ಈಗಲೂ ಆಗಾಗ ಖಾನಾಪುರದ ಬಸ್ಸಿಗೆ ಬರುತ್ತಾರೆ, ಸುಮನಬಾಯಿ ಒಂದೋ ಎರಡೋ ಹಾಡು ಹಾಡುತ್ತಾರೆ. ಅವರು ಬರುವ ದಿನ ರೇಣುಕಾ ಫೋನ್ ಮಾಡುತ್ತಾಳೆ, ನಾನು ಶಹಾಪುರದಿಂದ ನಡೆದೇ ಹೋಗುತ್ತೇನೆ.

ಹಾಡಿದ್ದರ ಪ್ರತಿಯನ್ನು ಆಗಿಂದಾಗಲೇ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇವೆ. ಕೆಲಸ ಕಲಿತವರು ಅದನ್ನು ಮರೆಯಬಾರದು. ಆದರೆ ಸುಮನಬಾಯಿಯ ಹಾಡು ತುಂಬುತ್ತಿರುವ ಆ ಎರಡನೆಯ ಸಿಡಿಯನ್ನು ಇನ್ನೂ ಮುಚ್ಚಿಲ್ಲ. ಬೇರೆ ಯಾವ ಯಂತ್ರಕ್ಕೆ ಹಾಕಿದರೂ ಅದು ಖಾಲಿ ಎಂದೇ ತೋರಿಸುತ್ತದೆ.